ಆಯಿಲ್ ತಲುಪದ ಗೇರ್

ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೂ ಸ್ಪೇರ್ ಪಾರ್ಟ್ಸ್ ಡಬ್ಬಿಗಳ ಮೇಲಿನ ಬರಹ ಓದಿ ಓದಿ, ಗಾಡಿಗೆ ಸಂಬಂಧಪಟ್ಟ ಇಂಗ್ಲಿಷ್ ಮಾತು ಯಾವುದಿದ್ದರೂ ಕೂಡಿಸಿಕೊಂಡು ಓದಿಬಿಡುತ್ತೇನೆ. ಕೊನೆಯ ಸಾಲಿನಲ್ಲಿ ‘ಔಟ್‌ಸೈಡ್ ಮೆಕ್ಯಾನಿಕ್’ ಎಂದಿತ್ತು. ಹೊರಗಿನ ಮೆಕ್ಯಾನಿಕ್ ಎಂಜಿನ್ ಬಿಚ್ಚಿ ಕೆಡಿಸಿದ್ದಾನೆ, ಎಂಜಿನ್ನಿನ ತಲೆಭಾಗವಾದ ಹೆಡ್ಡನ್ನೇ ಪೂರ್ತಿ ಬದಲಾಯಿಸಬೇಕು ಎನ್ನುವುದು ಅದರ ಅರ್ಥ. ಆ ಗಾಡಿಯ ಎಂಜಿನ್ನಿಗೆ ಕೈ ಹಾಕಿದ್ದ ಹೊರಗಿನವನು ಈ ಭೂಮಿಯ ಮೇಲೆ ನಾನೊಬ್ಬನೇ.

ಕಾಗದ ತಂದವಳು ಬಂಗಾರಪೇಟೆ ಆಚೆಯ ಹಳ್ಳಿಯೊಂದರ ಹೆಂಗಸು. ಆರು ಹಸು ಕಟ್ಟಿ, ಡೇರಿಗೆ ಹಾಲು ಹಾಕಿ, ಅದರಿಂದಲೇ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡವಳು. ಗಂಡ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿ, ರೈಲಿನಲ್ಲಿ ಬಂದಿಳಿಯುವ ನಾಲ್ಕು ಜನ ಟೀಚರಮ್ಮಂದಿರನ್ನು ಅವರವರ ಹಳ್ಳಿ ಸ್ಕೂಲಿಗೆ ಬಿಟ್ಟು ಬರುತ್ತಿದ್ದ. ಒಂದು ತಿಂಗಳಿಂದ ಗಾಡಿ ಎಳೆಯುತ್ತಿರಲಿಲ್ಲ. ಸಣ್ಣ ಏರು ಬಂದರೂ ಎರಡನೇ ಗೇರಿಗೆ ಇಳಿಯಬೇಕು, ಪೆಟ್ರೋಲು ಕುಡಿಯುವುದು ಬೇರೆ, ಮೀಟರಿನಲ್ಲಿ ಹಳದಿ ಎಂಜಿನ್ ದೀಪ ಆರುತ್ತಲೇ ಇರಲಿಲ್ಲ. ನನಗೆ ತೋರಿಸದೆ ನೇರ ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ ಈ ಕಾಗದ ಬರೆಸಿಕೊಂಡು ಬಂದಿದ್ದರು. ಅದೇ ನನಗೆ ಮೊದಲ ಉರಿ.

“ಒಂದು ಬೋಲ್ಟ್ ಆದ್ರೂ ಬಿಚ್ಚಿ ನೋಡಿದ್ರಾ ಅವ್ರು?” ಎಂದು ಕೇಳಿದೆ.

“ಎಲ್ಲಿ ಬಿಚ್ತಾರೆ? ಬಾನೆಟ್ ಎತ್ದ, ಟಾರ್ಚ್ ಬಿಟ್ಟ, ಒಂದು ಮಿಷನ್ ಚುಚ್ದ. ‘ಇಲ್ಲೆಲ್ಲ ಪೇಸ್ಟ್ ಮೆತ್ತವ್ರಲ್ಲ, ಯಾರ್ ಮಾಡಿದ್ದು ಇದು?’ ಅಂದ. ಉರಿಗಾಂ ಮೆಕ್ಯಾನಿಕ್ ಅಂದೆ. ನಕ್ಬುಟ್ಟ ಕಣಣ್ಣಾ.”

“ನಕ್ಕನಾ?”

“ಊಂ. ಟೈ ಕಟ್ಕೊಂಡಿದ್ದ.”

ಟೈ ಕಟ್ಟಿದವನು ನಕ್ಕ ಎನ್ನುವುದನ್ನು ನಾನು ಇವತ್ತಿಗೂ ಮರೆತಿಲ್ಲ. ಕೈಯಲ್ಲಿದ್ದ ಹದಿನಾಲ್ಕರ ಸ್ಪ್ಯಾನರನ್ನು ಶೆಡ್ಡಿನ ಗೋಡೆಗೆ ಎಸೆದೆ. ಅವಳ ಗಂಡ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಸರಿಯಲಿಲ್ಲ.

“ಗೋಡೆ ಏನ್ ಮಾಡ್ತು? ನಂಗೆ ಒಂದೇ ಮಾತು ಏಳು. ಇದು ನಿನ್ ಕೈಯಾಗೆ ಕೆಟ್ಟಿದ್ದಾ, ಅಲ್ವಾ? ನಿಂದಲ್ಲ ಅಂದ್ರೆ ಅವ್ನ ತಾವ ಓಗಿ ಮಕ ಮುರ್ದು ಬತ್ತೀನಿ. ನಿಂದು ಅಂದ್ರೆ ಅದೂ ಏಳ್ಬುಡು.”

“ನನ್ನ ಕೈ ತಪ್ಪು ಅಂತ ಬಂದ್ರೆ ಅಕ್ಕಾ, ನಾನು ಇನ್ಮೇಲೆ ಸ್ಪ್ಯಾನರ್ ಮುಟ್ಟಲ್ಲ.” ಎದುರಿನ ಟೀ ಅಂಗಡಿಗೂ ಕೇಳಿಸುವ ಹಾಗೆ ಕೂಗಿ ಹೇಳಿದೆ.

ಕೂಗಲು ನನಗೆ ಹಕ್ಕಿತ್ತು ಎಂದೇ ತಿಳಿದಿದ್ದೆ. ಮೂವತ್ತೊಂದು ವರ್ಷದ ಕೆಲಸ. ಹನ್ನೆರಡು ವರ್ಷದವನಿದ್ದಾಗ ಚಾಂಪಿಯನ್ ರೀಫ್ಸಿನ ಗಣಿ ಕೆಲಸಗಾರರ ಲೈನ್ ಮನೆಯಲ್ಲಿದ್ದ ಒಬ್ಬ ತಮಿಳು ಫಿಟ್ಟರ್ ಹತ್ತಿರ ಸೇರಿದವನು ನಾನು. ಅವನು ಚಿನ್ನದ ಗಣಿಯ ನೀರೆತ್ತುವ ಪಂಪುಗಳನ್ನು ನೋಡಿಕೊಳ್ಳುತ್ತಿದ್ದ ಮನುಷ್ಯ. ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಡ್ಯೂಟಿ ಮುಗಿದ ಮೇಲೆ ಮನೆ ಮುಂದೆ ಸ್ಕೂಟರು, ಜೀಪು ರಿಪೇರಿ ಮಾಡುತ್ತಿದ್ದ. ಗಣಿ ಮುಚ್ಚಿದ ಮೇಲೆ ಅದೇ ಅವನ ಬದುಕಾಯಿತು. ಈಗ ಕೈ ನಡುಗುತ್ತದೆ, ಕಣ್ಣು ಮಂಜು. ಆದರೂ ದಿನಾ ಹತ್ತು ಗಂಟೆಗೆ ಉರಿಗಾಂನ ನನ್ನ ಶೆಡ್ಡಿಗೆ ನಡೆದು ಬಂದು ಬೆಂಚಿನ ಮೇಲೆ ಕೂರುತ್ತಾನೆ. ನನ್ನನ್ನು ಬೈಯಲು ಅವನಿಗಿರುವ ಜಾಗ ಅದೊಂದೇ.

ಆವತ್ತೂ ಕೂತಿದ್ದ. “ಡೇಯ್, ಶಪಥ ಆಮೇಲೆ. ಮೊದಲು ಬಿಚ್ಚುಡಾ” ಎಂದ.

ಎಂಜಿನ್ನಿನ ತಲೆಯಲ್ಲಿ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಎಂಬ ಕಂಬಿ ಇರುತ್ತದೆ. ಹಳೆಯ ಗಾಡಿಗಳಲ್ಲಿ ಅದರ ಗಳಿಗೆ ಯಾವಾಗಲೂ ಒಂದೇ. ಈಗಿನ ಗಾಡಿಗಳಲ್ಲಿ ಕ್ಯಾಮಿನ ತುದಿಯ ಗೇರಿನೊಳಗೆ ಆಯಿಲ್ ನುಗ್ಗಿ ಕ್ಯಾಮನ್ನು ತುಸು ಮುಂದಕ್ಕೆ ತಿರುಗಿಸುತ್ತದೆ, ವಾಲ್ವು ಬೇಗ ತೆರೆಯುತ್ತದೆ, ಗಾಡಿ ಏರಿನಲ್ಲಿ ಎಳೆಯುತ್ತದೆ. ಇದಕ್ಕೆ ವಿವಿಟಿ ಎನ್ನುತ್ತಾರೆ. ಯಾವಾಗ ಆಯಿಲ್ ಬಿಡಬೇಕು ಎಂದು ಬಾಗಿಲು ಕಾಯುವುದು ಹೆಬ್ಬೆರಳು ಗಾತ್ರದ ಒಂದು ಕರೆಂಟಿನ ವಾಲ್ವು, ಸೊಲೆನಾಯ್ಡ್. ಇಷ್ಟನ್ನು ನನಗೆ ಯಾವ ಕಾಲೇಜೂ ಹೇಳಿಕೊಡಲಿಲ್ಲ. ಕೆಟ್ಟುಹೋದ ಗೇರೊಂದನ್ನು ಗರಗಸದಲ್ಲಿ ಕುಯ್ದು ಒಳಗೆ ನೋಡಿ ಕಲಿತೆ.

ಸ್ಕ್ಯಾನರ್ ಚುಚ್ಚಿದೆ. ಗಾಡಿಯ ಕಂಪ್ಯೂಟರು ಕ್ಯಾಮಿಗೆ ತಿರುಗು ತಿರುಗು ಎಂದು ಹುಕುಂ ಕೊಡುತ್ತಲೇ ಇತ್ತು. ಕ್ಯಾಮ್ ಸೊನ್ನೆಯಲ್ಲಿ ಕೂತಿತ್ತು, ಕದಲಲಿಲ್ಲ. ಕಾಯಿಲೆ ವಿವಿಟಿಯದು ಎನ್ನುವುದು ಖಾತ್ರಿಯಾಯಿತು. ಟೈ ಕಟ್ಟಿದವನೂ ಇದೇ ಸೊನ್ನೆಯನ್ನು ನೋಡಿರಬೇಕು. ನೋಡಿ ಅಲ್ಲಿಗೇ ಬಿಟ್ಟು ಹೆಡ್ ಬದಲಾಯಿಸಿ ಎಂದು ಬರೆದಿದ್ದಾನೆ. ಕಾಲು ನೋವು ಎಂದು ಹೋದವನಿಗೆ ಕಾಲು ಕತ್ತರಿಸಿ ಎಂದ ಹಾಗೆ. ಅದಕ್ಕೆ ಎ.ಸಿ. ರೂಮು ಬೇರೆ.

ವೈರು ನೋಡಿದೆ, ಸಾಕೆಟ್ ನೋಡಿದೆ, ಸರಿ ಇತ್ತು. ಸೊಲೆನಾಯ್ಡ್ ಬಿಚ್ಚಿ ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟೆ. ಟಕ್ ಎಂದಿತು, ಒಳಗಿನ ಕಡ್ಡಿ ಸರಿದಾಡಿತು. ಮತ್ತೆ ಕೂರಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಐಡಲಿನಲ್ಲಿ ನಿಂತ ಗಾಡಿಗೆ ಹಾಗೇ ಕರೆಂಟು ಕೊಟ್ಟೆ. ಇಲ್ಲಿ ಒಂದು ಮರ್ಮ ಇದೆ. ವಿವಿಟಿ ಸರಿ ಇದ್ದರೆ ವಾಲ್ವು ಹೊತ್ತಲ್ಲದ ಹೊತ್ತಿನಲ್ಲಿ ತೆರೆದು ಆ ಗಳಿಗೆಯಲ್ಲಿ ಎಂಜಿನ್ ನಡುಗಬೇಕು, ಆಫ್ ಆಗುವಷ್ಟು ಒದ್ದಾಡಬೇಕು. ಅದು ಒದ್ದಾಡಿದರೆ ನಮಗೆ ಸಂತೋಷ. ಒದ್ದಾಡಲಿಲ್ಲ. ಹಾಲು ಕರೆಯಲು ನಿಂತ ಹಸುವಿನ ಹಾಗೆ ಸಮಾಧಾನವಾಗಿ ನಿಂತಿತ್ತು.

“ಚೆನ್ನಾಗೇ ಓಡ್ತೈತಲ್ಲ?” ಎಂದ ಗಂಡ.

“ಅದೇ ಕಾಯಿಲೆ” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

ರಾಬರ್ಟ್‌ಸನ್‌ಪೇಟೆಗೆ ಹೋಗಿ ಹೊಸ ಸೊಲೆನಾಯ್ಡ್ ತಂದು ಹಾಕಿದೆ. ಅದಕ್ಕೂ ಜಗ್ಗಲಿಲ್ಲ. ಬಾಗಿಲು ತೆರೆಯುತ್ತಿದೆ, ಆಯಿಲ್ ಒಳಗೆ ಹೋಗುತ್ತಿಲ್ಲ. ಆಗ ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಬೆರಳ ನಡುವೆ ತಿಕ್ಕಿ ನೋಡಿದೆ. ನನಗೆ ದಪ್ಪ ಎನಿಸಿತು. ಎನಿಸಿತೋ, ಎನಿಸಬೇಕು ಎಂದಿತ್ತೋ, ಈಗ ಹೇಳಲಾರೆ.

“ಟ್ರ್ಯಾಕ್ಟರ್ ಆಯಿಲ್ ಹಾಕಿದ್ದೀರಿ ನೀವು” ಎಂದೆ.

ನಮ್ಮ ಕಡೆ ಹಾಲು ಹಾಕುವವರಿಗೆ ದಪ್ಪ ಎಂದರೆ ಒಳ್ಳೆಯದು. ಹಾಲು ದಪ್ಪ, ಮಜ್ಜಿಗೆ ದಪ್ಪ, ಹಾಗೇ ಆಯಿಲ್ ಕೂಡ. ಮನೆಯಲ್ಲಿ ಟ್ರ್ಯಾಕ್ಟರಿನ ಡಬ್ಬಿ ಇದ್ದರೆ ಅದನ್ನೇ ಕಾರಿಗೂ ಒಂದಿಷ್ಟು ಬಗ್ಗಿಸಿ, ಗಾಡಿಗೆ ಶಕ್ತಿ ಎಂದುಕೊಳ್ಳುತ್ತಾರೆ. ಹೀಗೆ ಮಾಡಿದವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಅಂಥ ಆಯಿಲ್ ಆ ಸಣ್ಣ ದಾರಿಗಳಲ್ಲಿ ಹರಿಯುವುದಿಲ್ಲ.

“ನಾನು ಆಕಿಲ್ಲ” ಎಂದ ಗಂಡ.

“ಆಕಿಲ್ಲ ಅಂತಾನೇ ಎಲ್ರೂ ಅನ್ನೋದು. ಕಂಡೋರ ಮೇಲೆ ತಪ್ಪು ಹೊರ್ಸಿ, ಆ ಟೈಯವನ ಹತ್ರ ನನ್ನ ಹೆಸ್ರು ಹೇಳಿ, ನಗಿಸ್ಕೊಂಡು ಬರೋದು! ಹಸುಗೆ ಎತ್ತಿನ ಔಷಧಿ ಹಾಕ್ತೀರಾ? ಇದಕ್ಕೆ ಯಾಕೆ ಹಾಕಿದ್ರಿ?”

“ನನ್ ಮಕ್ಳಾಣೆಗೂ ಆಕಿಲ್ಲ ಕಣಣ್ಣಾ.” ಅವನು ಹೆಂಡತಿಯ ಕಡೆ ತಿರುಗಿದ.

ಹೆಂಡತಿ ಮಧ್ಯೆ ಬಂದಳು. “ಅವ್ನ್ ಆಣೆ ಇಕ್ಕೋದು ಇರ್ಲಿ. ನಿಂಗೆ ದಪ್ಪ ಅನ್ಸಿದ್ರೆ ಬಸಿ, ಒಸದು ಆಕು, ನೋಡು. ಬಾಯಾಗೆ ರಿಪೇರಿ ಮಾಡ್ತಿದ್ಯಲ್ಲ!”

ಬಸಿದೆ. ಕಂಪನಿ ಹೇಳಿದ ನಂಬರಿನ ತೆಳು ಆಯಿಲ್ ಹಾಕಿ, ಫಿಲ್ಟರ್ ಬದಲಿಸಿ, ಬಂಗಾರಪೇಟೆ ರಸ್ತೆಯಲ್ಲಿ ಎಂಜಿನ್ ಬಿಸಿ ಏರುವ ತನಕ ಓಡಿಸಿದೆ. ಏರಿನಲ್ಲಿ ನನ್ನ ಎಡಕ್ಕೆ ಒಂದು ಟಿ.ವಿ.ಎಸ್. ಮೊಪೆಡ್ ಹುಲ್ಲಿನ ಹೊರೆ ಹೇರಿಕೊಂಡು ಮುಂದೆ ಹೋಯಿತು. ಸ್ಕ್ಯಾನರಿನಲ್ಲಿ ಅದೇ ಸೊನ್ನೆ. ಬಸಿದ ಆಯಿಲನ್ನು ಬಾಟಲಿಗೆ ಹಾಕಿ ಬಿಸಿಲಿಗೆ ಹಿಡಿದು, ಹೊಸದರ ಪಕ್ಕದಲ್ಲಿ ಓರೆ ಮಾಡಿ ನೋಡಿದೆ. ಎರಡೂ ಒಂದೇ ಥರ ಹರಿದವು. ಅವನು ಹಾಕಿರಲಿಲ್ಲ. ಮಕ್ಕಳ ಮೇಲೆ ಆಣೆ ಹಾಕಿಸಿಕೊಂಡದ್ದಕ್ಕೆ ಅವನ ಹತ್ತಿರ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ, ನಾಳೆ ಬನ್ನಿ ಎಂದು ಕಳಿಸಿದೆ. ತಪ್ಪು ತಿಳಿದ ಮೇಲೆ ನನಗೆ ಸಿಟ್ಟು ಇಳಿಯುವುದಿಲ್ಲ, ಇನ್ನೂ ಏರುತ್ತದೆ. ಇದು ನನ್ನ ಗುಣ, ಒಳ್ಳೆಯ ಗುಣವಲ್ಲ.

ಮಾರನೆಯ ದಿನ ಅವರಿಬ್ಬರೂ ಹಾಲು ಹಾಕಿ ಒಂಬತ್ತೂವರೆಗೇ ಬಂದು ಕೂತರು. ಇನ್ನು ನೋಡದೆ ಉಳಿದದ್ದು ಒಂದೇ ಜಾಗ. ಸೊಲೆನಾಯ್ಡಿನ ಹಿಂದೆ, ಒಂದು ದಪ್ಪ ಬೋಲ್ಟಿನೊಳಗೆ, ಕಿರುಬೆರಳ ಉಗುರಿನಷ್ಟು ಒಂದು ಜಾಲರಿ ಇರುತ್ತದೆ. ಗೇರಿಗೆ ಹೋಗುವ ಆಯಿಲು ಅದನ್ನು ದಾಟಿಯೇ ಹೋಗಬೇಕು. ಎಷ್ಟೋ ಮೆಕ್ಯಾನಿಕ್ಕುಗಳಿಗೆ ಅದು ಇದೆ ಎನ್ನುವುದೇ ಗೊತ್ತಿಲ್ಲ. ನನಗೆ ಗೊತ್ತಿತ್ತು. ಆದರೂ ನಿನ್ನೆ ಅದಕ್ಕೆ ಕೈ ಹಾಕಿರಲಿಲ್ಲ. ಅದರ ಸುತ್ತ ಇದ್ದ ಕವರು ಹೋದ ವರ್ಷ ನಾನು ಬಿಚ್ಚಿ ಜೋಡಿಸಿದ ಕವರು.

ಬೋಲ್ಟ್ ಬಿಚ್ಚಿ, ಚಿಮಟದಿಂದ ಜಾಲರಿ ಎಳೆದೆ. ಅದರ ಮೈ ತುಂಬ ಬೂದು ಬಣ್ಣದ ರಬ್ಬರಿನ ಚೂರುಗಳು ಅಂಟಿಕೊಂಡಿದ್ದವು. ಒಂದು ಚೂರು ಎರೆಹುಳುವಿನ ಹಾಗೆ ಉದ್ದಕ್ಕಿತ್ತು. ಬೆರಳಲ್ಲಿ ಹಿಸುಕಿದೆ, ಮೆತ್ತಗೆ ಪುಟಿಯಿತು. ಜಾಯಿಂಟಿನಲ್ಲಿ ಆಯಿಲ್ ಸೋರದಂತೆ ಬಳಿಯುವ ಪೇಸ್ಟು ಅದು, ಆ ಬಣ್ಣದ್ದು ಉರಿಗಾಂನಿಂದ ಬಂಗಾರಪೇಟೆ ತನಕ ನನ್ನ ಶೆಡ್ಡಿನಲ್ಲಿ ಮಾತ್ರ ಇದೆ. ಬೇರೆಯವರೆಲ್ಲ ಕಪ್ಪು ಬಳಸುತ್ತಾರೆ. ಬೂದು ಬಣ್ಣದ್ದು ಜಾಸ್ತಿ ಗಟ್ಟಿ ಎಂದು ನಾನೇ ಜಂಬದಿಂದ ತರಿಸುತ್ತಿದ್ದೆ.

ಹೋದ ವರ್ಷ ಎಂಜಿನ್ನಿನ ಮುಂಭಾಗದ ಕವರಿನಲ್ಲಿ ಆಯಿಲ್ ಸೋರುತ್ತಿದೆ ಎಂದು ತಂದಿದ್ದರು. ಬಿಚ್ಚಿ, ಹಳೆಯದನ್ನು ಕೆರೆದು, ಹೊಸ ಪೇಸ್ಟು ಬಳಿದು ಕೂರಿಸಿದ್ದೆ. ಆ ಕವರಿನೊಳಗೇ ವಿವಿಟಿಗೆ ಆಯಿಲ್ ಹೋಗುವ ರಂಧ್ರ ಇದೆ. ಅದರ ಸುತ್ತ ಅಕ್ಕಿಕಾಳಿನ ದಪ್ಪಕ್ಕೆ ಬಳಿದರೆ ಸಾಕು. ನಾನು ಬಳಿದದ್ದು ಹೆಬ್ಬೆರಳಿನಿಂದ. ಹೆಚ್ಚಾದದ್ದು ಒಳಕ್ಕೆ ಹಿಂಡಿಕೊಂಡು, ಒಣಗಿ, ಮುರಿದು, ಆಯಿಲಿನ ಜೊತೆ ಬಂದು ಜಾಲರಿಯಲ್ಲಿ ಕೂತಿದೆ.

ಹೆಬ್ಬೆರಳಿನಿಂದ ಬಳಿಯುವುದನ್ನು ನನಗೆ ಕಲಿಸಿದವನು ಬೆಂಚಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಅವನು ಕಲಿತದ್ದು ಭೂಮಿಯ ಆಳದಲ್ಲಿ. ಅಲ್ಲಿ ಪಂಪಿನ ಪೈಪುಗಳ ಜಾಯಿಂಟಿನಲ್ಲಿ ನೀರು ಅಷ್ಟೆತ್ತರಕ್ಕೆ ಏರಬೇಕಾದ ಒತ್ತಡದಲ್ಲಿ ನಿಂತಿರುತ್ತಿತ್ತಂತೆ. ಪೇಸ್ಟು ತೆಳ್ಳಗಾದರೆ ಜಾಯಿಂಟು ಸೀಳಿ ಮನುಷ್ಯನನ್ನೇ ಗೋಡೆಗೆ ಬಡಿಯುತ್ತಿತ್ತು. ಹೊರಕ್ಕೆ ಉಕ್ಕಿ ನಿಂತ ಪೇಸ್ಟನ್ನು ನೋಡಿದರೆ ಅಲ್ಲಿಯವರಿಗೆ ಜೀವಕ್ಕೆ ಧೈರ್ಯ. ಅದನ್ನೇ ಅವನು ಸ್ಕೂಟರಿಗೆ, ಜೀಪಿಗೆ ತಂದ. ಅವನ ಹಿಂದೆ ನಿಂತ ನಾನು ಕಾರಿಗೆ ತಂದೆ. “ಇನ್ನುಂ ಕೊಂಚ ಪೋಡುಡಾ” ಎನ್ನುತ್ತಿದ್ದ, ಇನ್ನೂ ಒಸಿ ಹಾಕೋ ಎಂದು. ಮೂವತ್ತೊಂದು ವರ್ಷ ಹಾಕುತ್ತಲೇ ಬಂದೆ.

ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಮುಚ್ಚಿಕೊಂಡೆ ಎನ್ನುವುದನ್ನು ಬರೆಯದೆ ಬಿಡಬಹುದಿತ್ತು. ಪೆಟ್ರೋಲಿನಲ್ಲಿ ತೊಳೆದು, ವಾಪಸ್ ಹಾಕಿ, ‘ಸೊಲೆನಾಯ್ಡ್ ಹೋಗಿತ್ತು ಅಕ್ಕಾ’ ಎಂದರೆ ಮುಗಿಯುತ್ತಿತ್ತು. ಅವಳು ಸರ್ವಿಸ್ ಸೆಂಟರಿಗೆ ಹೋಗಿ ಟೈಯವನ ಮುಖ ಮುರಿಯುತ್ತಿದ್ದಳು. ಯಾರೂ ನೋಡಿರಲಿಲ್ಲ. ಆದರೆ ನನಗೆ ಬಂದದ್ದು ಆಸೆಯಲ್ಲ, ಕೆಂಡದಂಥ ಸಿಟ್ಟು. ಬಿಚ್ಚಿಯೂ ನೋಡದೆ ಹೇಳಿದವನ ಮಾತು ನಿಜವಾಗಿಬಿಟ್ಟಿತಲ್ಲ! ಅವನಿಗೆ ಆ ನಿಜ ಹೇಗೆ ಸಿಕ್ಕಿತು? ಅವನು ಅದಕ್ಕೆ ಒಂದು ಹನಿ ಬೆವರೂ ಹರಿಸಲಿಲ್ಲ. ಎರಡು ದಿನ ಬೆನ್ನು ಬಗ್ಗಿಸಿ ಹುಡುಕಿದವನು ನಾನು. ಇಷ್ಟು ಕಷ್ಟಪಟ್ಟು ಕಂಡುಹಿಡಿದದ್ದನ್ನು ಮುಚ್ಚಿಟ್ಟರೆ, ನಿಜ ಹೇಳಿದವನು ಅವನೊಬ್ಬನೇ ಆಗಿಬಿಡುತ್ತಾನೆ. ನಾನು ಹುಡುಕಿದ್ದು ನನ್ನ ಬಾಯಿಂದಲೇ ಬರಬೇಕು.

“ಅಕ್ಕಾ, ಬಾ ಇಲ್ಲಿ” ಎಂದೆ. ಅಂಗೈ ಬಿಚ್ಚಿ ತೋರಿಸಿದೆ. “ಇದು ನನ್ನ ಪೇಸ್ಟು. ನನ್ನ ಕೈಯಲ್ಲೇ ಕೆಟ್ಟಿದ್ದು. ನಿನ್ನ ಯಜಮಾನ ಏನೂ ಹಾಕಿರ್ಲಿಲ್ಲ, ನಾನು ಸುಮ್ಸುಮ್ಕೆ ಬೈದೆ.”

ಅವಳು ಚೂರನ್ನು ಎತ್ತಿಕೊಂಡು ಎಳೆದು ನೋಡಿದಳು. “ಇಷ್ಟಕ್ಕಾ? ಇಷ್ಟಕ್ಕಾ ಒಂದ್ ತಿಂಗ್ಳು ಟೀಚರಮ್ಮಗಳ ತಾವ ಮಕ ತಗ್ಸಿದ್ದು ನಾವು?”

“ಇಷ್ಟಕ್ಕೇ.”

“ಹೆಡ್ಡು ಬದ್ಲಾಯ್ಸಬೇಕಾ?”

“ಹೆಡ್ಡಿಗೆ ಏನೂ ಆಗಿಲ್ಲ. ಅದು ಅವನು ಬರ್ದಿದ್ದು ಸುಳ್ಳು. ಕವರ್ ಬಿಚ್ಚಿ ದಾರಿ ಎಲ್ಲ ತೊಳೀತೀನಿ.”

“ಸ್ಪ್ಯಾನರ್ ಮುಟ್ಟಲ್ಲ ಅಂತ ನಿನ್ನೆ ಕೂಗ್ಕೊಂಡ್ಯಲ್ಲ?”

“ಮುಟ್ದೇ ಇದ್ರೆ ನಿನ್ನ ಗಾಡಿ ಯಾರಕ್ಕಾ ಜೋಡ್ಸೋದು, ಟೀ ಅಂಗಡಿಯವನಾ?”

ಗಂಡ ಪುಸಕ್ಕನೆ ನಕ್ಕ. ಅವಳು ನಗಲಿಲ್ಲ. ಮೇಸ್ತ್ರಿ ಬೆಂಚಿನಿಂದ ಎದ್ದು ಬಂದು ನನ್ನ ಅಂಗೈಯನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡ. ಬಹಳ ಹೊತ್ತು ನೋಡಿದ.

“ಎನ್ನಡಾ ಇದು, ಆಯಿಲ್ ಹೋಗೋಕೆ ಇಷ್ಟು ಸಣ್ಣ ಓಟೆಯಾ?” ಎಂದ. “ನಮ್ಮ ಪಂಪಲ್ಲಿ ಕೈ ಹಾಕೋವಷ್ಟು ಇತ್ತು.” ಆಮೇಲೆ ಹೋಗಿ ಬೆಂಚಿನ ಮೇಲೆ ಕೂತ. ಬೀಡಿ ಆರಿಹೋಗಿತ್ತು, ಮತ್ತೆ ಹಚ್ಚಲಿಲ್ಲ. ಅವನ ಮೇಲೂ ನನಗೆ ಸಿಟ್ಟಿತ್ತು. ಗಣಿ ಮುಚ್ಚಿ ಇಷ್ಟು ಕಾಲವಾದರೂ ಅಲ್ಲಿಯ ಭಯವನ್ನು ನನ್ನ ಬೆರಳಿಗೆ ಅಂಟಿಸಿ ಕೂತಿದ್ದನಲ್ಲ ಎಂದು. ಆದರೆ ಅದನ್ನು ಆಡಲಿಲ್ಲ. ಅವನು ಕಲಿಸಿದ್ದು ಹನ್ನೆರಡು ವರ್ಷದವನಿಗೆ. ನಲವತ್ತು ದಾಟಿದ ಮೇಲೂ ಹೆಬ್ಬೆರಳಿನಿಂದಲೇ ಬಳಿದದ್ದು ನಾನು.

ಮಧ್ಯಾಹ್ನದ ಹೊತ್ತಿಗೆ ಕವರು ಬಿಚ್ಚಿ, ಕೆರೆದು, ದಾರಿಗೆ ಗಾಳಿ ಹೊಡೆದು, ಪೇಸ್ಟನ್ನು ಟ್ಯೂಬಿನಿಂದ ನೇರ ಎಳೆದೆ, ಅಕ್ಕಿಕಾಳಿನ ದಪ್ಪ. ನನಗೆ ಜಾಯಿಂಟನ್ನು ಬತ್ತಲೆ ಬಿಟ್ಟ ಹಾಗೆ ಅನಿಸುತ್ತಿತ್ತು. ಪೇಸ್ಟು ಪೂರ್ತಿ ಒಣಗಲು ಮಾರನೆಯ ದಿನದವರೆಗೂ ಬಿಟ್ಟೆ. ಅವರಿಬ್ಬರೂ ಬಂದ ಮೇಲೆ ಸ್ಟಾರ್ಟ್ ಮಾಡಿ, ಸೊಲೆನಾಯ್ಡಿಗೆ ಕರೆಂಟು ಕೊಟ್ಟ ಕೂಡಲೆ ಎಂಜಿನ್ ಗಡಗಡ ನಡುಗಿ ಆಫ್ ಆಯಿತು. ಗಂಡ ಗಾಬರಿಯಾಗಿ “ಓಯ್ತಲ್ಲಪ್ಪಾ!” ಎಂದು ಕೂಗಿದ. ನಾನು ಮೂರು ದಿನದಲ್ಲಿ ಮೊದಲ ಸಲ ಉಸಿರು ಬಿಟ್ಟೆ.

ಏರಿನಲ್ಲಿ ಗಾಡಿ ಮೂರನೇ ಗೇರಿನಲ್ಲೇ ಎಳೆಯಿತು. ವಾಪಸ್ ಬಂದು ಕೀ ಕೊಟ್ಟಾಗ ಅವಳು ಸೆರಗಿನಿಂದ ಸ್ಟಿಯರಿಂಗ್ ಒರೆಸುತ್ತಾ ಕೇಳಿದಳು.

“ಅಣ್ಣಾ, ನಂದೊಂದೇನಾ? ಇಂಗೆ ಇನ್ನೆಷ್ಟು ಜನ್ರ ಗಾಡಿಗೆ ಮೆತ್ತಿದ್ದೀಯ?”

ಟೈಯವನ ನಗು ಇದರ ಮುಂದೆ ಏನೂ ಅಲ್ಲ. ಅವಳು ಉತ್ತರಕ್ಕೂ ಕಾಯದೆ, ಹಸು ಕರೆಯುವ ಹೊತ್ತಾಯಿತು ಎಂದು ಹೊರಟಳು.

ಈ ಥರದ ಎಂಜಿನ್ನಿಗೆ ಮುಂದಿನ ಕವರು ಬಿಚ್ಚಿ ಜೋಡಿಸಿದ್ದು ಎಷ್ಟು ಎಂದು ಕೂತು ನೆನೆಸಿಕೊಂಡೆ. ಹನ್ನೊಂದು ಗಾಡಿ ನೆನಪಿಗೆ ಬಂದವು. ಮಾರನೆಯ ಬೆಳಿಗ್ಗೆ ಶೆಡ್ಡು ಬಾಗಿಲು ತೆರೆಯದೆ ಟೂಲ್ಸ್ ಚೀಲವನ್ನು ಸ್ಕೂಟರಿಗೆ ಕಟ್ಟಿ ಹೊರಟೆ. ಒಂದೊಂದೇ ಮನೆ ಹುಡುಕಿಕೊಂಡು ಹೋಗಿ, ಜಾಲರಿ ಬಿಚ್ಚಿ ನೋಡುತ್ತೇನೆ, ಕಾಸು ಬೇಡ ಎಂದೆ. ನನಗೆ ಆದ ಮರ್ಯಾದೆ ಹೇಳತೀರದು. ರಾಬರ್ಟ್‌ಸನ್‌ಪೇಟೆಯ ಅಂಗಡಿಯವನು, ಕೆಲಸ ಇಲ್ಲವಾ, ಒಳ್ಳೆ ಗಾಡಿ ಕೆಡಿಸಿ ರಿಪೇರಿ ಹುಟ್ಟಿಸಲು ಬಂದೆಯಾ ಎಂದ. ಒಬ್ಬ ಬಾನೆಟ್ಟಿನ ಮೇಲೆ ಕೈ ಊರಿ ನಿಂತು ವಿಡಿಯೋ ಮಾಡಿದ. ಬಿಚ್ಚಲು ಒಪ್ಪಿದವರಲ್ಲಿ ಇಬ್ಬರ ಜಾಲರಿ ಶುದ್ಧವಾಗಿತ್ತು. ಮೂರನೆಯವನದರಲ್ಲಿ ಬೂದು ಚೂರು ಸಿಕ್ಕಿತು. ಅವನು ಉಪಕಾರ ಎನ್ನುವ ಬದಲು ಒಂದು ಗಂಟೆ ಬೈದ. ಬೈಸಿಕೊಂಡೆ, ನಾನೂ ಬೈದೆ.

ಆರನೆಯ ಗಾಡಿ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ, ತೆಲುಗು ಮಾತಾಡುವ ಒಬ್ಬ ಮುದುಕನದು. ಗೇಟಿನ ಒಳಗೆ ನಿಂತು, ಬೀಗ ತೆಗೆಯದೆ ಮಾತಾಡಿದ.

“ನಾ ಕಾರು ಬಾಗುಂದಿ. ನುವ್ವು ಪೋ.” ಗಾಡಿ ಚೆನ್ನಾಗಿದೆ, ನೀನು ಹೊರಡು ಎಂದು.

“ಈಗ ಚೆನ್ನಾಗದೆ ಸಾಮಿ, ನಾಳೆ ಏರಲ್ಲಿ ಕೈ ಕೊಡ್ತದೆ. ತಪ್ಪು ನಂದು. ಹತ್ತು ನಿಮಿಷದ ಕೆಲ್ಸ.”

“ತಪ್ಪು ಮಾಡ್ದೋನ್ ಕೈಗೇ ಮತ್ತೆ ಕೊಡ್ಬೇಕಾ? ನಂಗೇನ್ ತಲೆ ಕೆಟ್ಟೈತಾ?”

“ಇನ್ಯಾರ ಕೈಗೆ ಕೊಡ್ತೀಯ? ಎಲ್ಲಿ ಬಳ್ದಿದ್ದೀನಿ ಅಂತ ಗೊತ್ತಿರೋದು ನಂಗೊಬ್ಬನಿಗೇ!”

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನನಗೆ ಮೈ ಉರಿಯುತ್ತಿತ್ತು. ಕೆಟ್ಟರೆ ಕೆಡಲಿ ಎಂದು ಸ್ಕೂಟರಿನ ಹತ್ತಿರಕ್ಕೆ ಹೋಗಿ ಕಿಕ್ಕರಿನ ಮೇಲೆ ಕಾಲಿಟ್ಟೆ. ಕಾಲು ಒದೆಯಲಿಲ್ಲ. ವಾಪಸ್ ಬಂದು ಗೇಟಿನ ಮುಂದಿನ ಕಲ್ಲಿನ ಮೇಲೆ ಟೂಲ್ಸ್ ಚೀಲ ಇಟ್ಟುಕೊಂಡು ಕೂತೆ. ಕಿಟಕಿಯಿಂದ ಅವನ ಹೆಂಡತಿ ಒಮ್ಮೆ ಇಣುಕಿ ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಅವನೂ ಇಣುಕಿದ.

“ಇನ್ನೂ ಓಗಿಲ್ವಾ ನೀನು?”

“ಇಲ್ಲ” ಎಂದು ಕೂಗಿದೆ. “ಬಾನೆಟ್ ಎತ್ತು.”